ಕೇಳದೆ ಕೊಟ್ಟ ಮಾತ್ರೆ

ಹೊಸಮನೆಯ ಹೊನ್ನಯ್ಯನವರ ಮನೆಯಲ್ಲಿ ಗಂಡಸರು ಊಟಕ್ಕೆ ಕೂತರೆ ಏನನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಸಾರು ಬೇಕಾದರೆ ಹೊನ್ನಯ್ಯ ತಟ್ಟೆಯ ಅಂಚಿಗೆ ಉಗುರಿನಿಂದ ತಟ್ಟುತ್ತಾರೆ. ಮಜ್ಜಿಗೆ ಬೇಕಾದರೆ ಇನ್ನೂ ಸ್ವಲ್ಪ ಜೋರಾಗಿ ತಟ್ಟುತ್ತಾರೆ. ಮಗ ಮನೋಹರನಿಗೆ ಆ ಶ್ರಮವೂ ಇಲ್ಲ. ಅನ್ನದ ನಡುವೆ ಒಂದು ಗುಂಡಿ ಮಾಡಿ ಅದನ್ನೇ ನೋಡುತ್ತ ಕೂರುತ್ತಾನೆ. ಗುಂಡಿ ನೋಡಿ ಸಾರೋ ಪಲ್ಯವೋ ತುಪ್ಪವೋ ಎಂದು ಹೆಂಗಸರು ತಿಳಿದುಕೊಳ್ಳಬೇಕು. ಮದುವೆಯಾದ ಹೊಸತರಲ್ಲಿ ಸುಮನಾ ಒಮ್ಮೆ "ಏನು ಬೇಕು?" ಎಂದು ಕೇಳಿದ್ದಳು. "ಕೇಳಿ ಬಡಿಸೋದು ಹೋಟ್ಲಲ್ಲಿ," ಎಂದಿದ್ದರು ಅತ್ತೆ ಶಕುಂತಲಮ್ಮ. ಆಮೇಲೆ ಇಪ್ಪತ್ತು ವರ್ಷ ದಾಟಿತು, ಮಗಳು ಮಂಜುಶ್ರೀ ಡಿಗ್ರಿಯ ಕೊನೆಯ ವರ್ಷಕ್ಕೆ ಬಂದಳು, ಸುಮನಾ ಮತ್ತೆ ಕೇಳಿರಲಿಲ್ಲ.

ಆ ಭಾನುವಾರ ಸಂಜೆ ಊಟದಲ್ಲಿ ಆನೆಗಳದ್ದೇ ಮಾತು. ತುಮಕೂರಿನಿಂದ ಬಂದಿದ್ದ ನೆಂಟರ ಮಕ್ಕಳನ್ನು ಕರೆದುಕೊಂಡು ಅಜ್ಜ, ಅಜ್ಜಿ, ಮಂಜುಶ್ರೀ ಎಲ್ಲರೂ ಬೆಳಿಗ್ಗೆಯೇ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿದ್ದರು. ಟೆಸ್ಟ್ ಪೇಪರ್ ತಿದ್ದುವುದಿದೆ ಎಂದು ಮನೋಹರ ಉಳಿದಿದ್ದ. ಗ್ಯಾಸಿನವನು ಬರುತ್ತಾನೆ ಎಂದು ಸುಮನಾ ಉಳಿದಿದ್ದಳು. ಗ್ಯಾಸಿನವನು ಬರಲಿಲ್ಲ, ಪೇಪರುಗಳನ್ನೂ ಯಾರೂ ತಿದ್ದಲಿಲ್ಲ. ಆ ಮನೆ ಅಷ್ಟು ಹೊತ್ತು ಖಾಲಿ ಇದ್ದದ್ದು ಯಾವ ಕಾಲದಲ್ಲೋ ಏನೋ.

"ಆ ಮರಿ ಆನೆ ನೀರಲ್ಲಿ ಏನು ಆಟ ಮಾರಾಯ್ತಿ!" ಎಂದರು ಶಕುಂತಲಮ್ಮ. "ತಾಯಿ ಪಕ್ಕದಲ್ಲೇ ನಿಂತಿತ್ತು. ಎರಡು ವರ್ಷ ಹೊಟ್ಟೇಲಿ ಹೊರುತ್ತಂತೆ. ಮಾವುತ ಹೇಳ್ದ."

ಸುಮನಾಳ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಹೊನ್ನಯ್ಯ ಮತ್ತೊಮ್ಮೆ ತಟ್ಟೆಗೆ ತಟ್ಟಬೇಕಾಯಿತು.

ಆಕೆಯ ಭಯಕ್ಕೆ ಕಾರಣವಿತ್ತು. ಮಂಜುಶ್ರೀಗೆ ಆರು ತುಂಬಿದಾಗ ಎರಡನೆಯ ಬಸುರು ನಿಂತಿತ್ತು. ಏಳು ತಿಂಗಳಿಗೆ ಬಿಪಿ ಏರಿ, ಮೈಯೆಲ್ಲ ಊದಿ, ಆಸ್ಪತ್ರೆಯಲ್ಲಿ ಮಗು ಹೋಯಿತು, ತಾಯಿ ಉಳಿದದ್ದೇ ಹೆಚ್ಚು. ಇನ್ನೊಂದು ಬೇಡವೇ ಬೇಡ ಎಂದು ಡಾಕ್ಟರು ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದರು. ಅಂದಿನಿಂದ ಕಾಪರ್-ಟಿ ಇತ್ತು. ಹೋದ ವರ್ಷ ರಕ್ತಸ್ರಾವ ಜಾಸ್ತಿಯಾಗಿ ತೆಗೆಸಿದಾಗ ನರ್ಸು, "ನಲವತ್ತಮೂರು ಅಂತ ಧೈರ್ಯ ಮಾಡ್ಬೇಡಿ, ಮುಟ್ಟು ಪೂರ್ತಿ ನಿಲ್ಲೋವರೆಗೂ ಹುಷಾರು. ಅಕಸ್ಮಾತ್ ಏನಾದ್ರೂ ಆದ್ರೆ ಮೂರು ದಿನದೊಳಗೆ ಮಾತ್ರೆ ಇದೆ, ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು," ಎಂದಿದ್ದಳು. ಮನೋಹರ ಕೆಲವು ತಿಂಗಳು ಹುಷಾರಾಗಿದ್ದ. ಆಮೇಲೆ ಕಾಂಡೋಮ್ ತರುವುದು ನಿಂತುಹೋಯಿತು. ಮನೆ ತುಂಬ ಜನ ಇರುವಾಗ ಅದರ ಅಗತ್ಯವೂ ಬೀಳುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಟಿಫಿನ್ ಬಾಕ್ಸಿಗೆ ಚಿತ್ರಾನ್ನ ತುಂಬುತ್ತ ಸುಮನಾ ಮೆಲ್ಲಗೆ ಹೇಳಿದಳು:

"ರೀ, ವಸಂತ ಅಂಗಡಿ ತೆಗೆದಿರ್ತಾನೆ. ಈಗ್ಲೇ ಹೋಗಿ ತಂದ್ಬಿಡಿ."

"ವಸಂತನ ಹತ್ರಾನಾ? ಅವನು ನನ್ನ ಸ್ಟೂಡೆಂಟ್ ಕಣೇ."

"ಆದ್ರೇನು? ಅವನು ಮಾತ್ರೆ ಮಾರಲ್ವಾ?"

"ನಾನು ಅವನಿಗೆ ಸೈನ್ಸ್ ಪಾಠ ಮಾಡಿದೋನು."

"ಈ ಪಾಠ ಮಾಡಿದ್ರಾ?"

ಮಾಡಿರಲಿಲ್ಲ. ಮನೋಹರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೊದಲು ಇಲ್ಲೇ ಶಿವಮೊಗ್ಗದ ಶಾಲೆಯಲ್ಲಿದ್ದ, ಈಗ ಭದ್ರಾವತಿಗೆ ದಿನಾ ಬಸ್ಸು. ಹತ್ತನೇ ತರಗತಿಯ ಸಂತಾನೋತ್ಪತ್ತಿಯ ಪಾಠದಲ್ಲಿ ಹೂವು, ಪರಾಗ, ಹೈಡ್ರಾ ಎಲ್ಲವನ್ನೂ ಬೋರ್ಡಿನ ಮೇಲೆ ಚೆಂದವಾಗಿ ಬರೆಯುತ್ತಿದ್ದ. ಮನುಷ್ಯರ ಪುಟ ಬಂದಾಗ, "ಇದನ್ನ ಮನೇಲಿ ಓದ್ಕೊಳ್ಳಿ," ಎಂದು ಮುಂದಕ್ಕೆ ಹೋಗುತ್ತಿದ್ದ. ಮಕ್ಕಳು ಅವನು ಹೇಳಿದ್ದರಲ್ಲಿ ಅದೊಂದನ್ನು ಮಾತ್ರ ತಪ್ಪದೆ ಪಾಲಿಸುತ್ತಿದ್ದರು.

"ವಸಂತನ ತಾಯಿ ಬೇರೆ ಗಲ್ಲಾದಲ್ಲಿ ಕೂತಿರ್ತಾರೆ," ಎಂದ. "ಭದ್ರಾವತಿಯಿಂದ ತರ್ತೀನಿ ಬಿಡು. ಅಲ್ಲಿ ನಮ್ಮನ್ನ ಯಾರು ಕೇಳ್ತಾರೆ."

ಸಂಜೆ ಶಾಲೆ ಬಿಟ್ಟ ಮೇಲೆ ಅವನು ಭದ್ರಾವತಿಯಲ್ಲಿ ಎರಡು ಮೆಡಿಕಲ್ ಸ್ಟೋರು ದಾಟಿದ. ಒಂದರಲ್ಲಿ ಹುಡುಗಿ ನಿಂತಿದ್ದಳು, ಇನ್ನೊಂದರಲ್ಲಿ ಯಾರೋ ಪೋಷಕರು. ಕಾರ್ಖಾನೆ ಕಡೆಯ ಮೂರನೆಯ ಅಂಗಡಿಯಲ್ಲಿ ಗುರುತಿನವರಿರಲಿಲ್ಲ. ಗಿರಾಕಿಗಳೆಲ್ಲ ಹೋಗುವವರೆಗೆ ಟೂತ್‌ಪೇಸ್ಟುಗಳನ್ನು ನೋಡುತ್ತ ನಿಂತ.

"ಏನು ಸಾರ್?" ಎಂದ ತಮಿಳು ಎಳೆತದ ಅಂಗಡಿಯವನು.

"ಅದು... ಮನೇವ್ರಿಗೆ..."

"ಮನೇವ್ರಿಗೆ?"

"ಒಂದು ಮಾತ್ರೆ..."

ಮನೋಹರ ಕೌಂಟರಿನ ಗಾಜನ್ನೇ ನೋಡುತ್ತ ನಿಂತ, ಅನ್ನದ ಗುಂಡಿಯನ್ನು ನೋಡುವಂತೆ. ಅಂಗಡಿಯವನ ಮುಖ ಅರಳಿತು.

"ಪುರಿಯುದು ಸಾರ್, ಪುರಿಯುದು! ಅರ್ಥ ಆಯ್ತು. ಹಬ್ಬ ಬಂತಲ್ಲ. ಬೆಳಗ್ಗಿಂದ ನಿಮ್ಮಂಥವ್ರೇ ಬರ್ತಿದಾರೆ." ಡ್ರಾಯರಿನಿಂದ ಆಗಲೇ ಪೇಪರಿನಲ್ಲಿ ಸುತ್ತಿಟ್ಟಿದ್ದ ಪೊಟ್ಟಣವೊಂದನ್ನು ತೆಗೆದು ಕೊಟ್ಟ.

ಗೌರಿ ಹಬ್ಬಕ್ಕೂ ಇದಕ್ಕೂ ಏನು ಸಂಬಂಧ ಎಂದು ಮನೋಹರನಿಗೆ ಹೊಳೆಯಲಿಲ್ಲ. ಭಾನುವಾರ ಭದ್ರಾವತಿಯಲ್ಲೂ ಬಹಳ ಮನೆಗಳು ಖಾಲಿ ಇದ್ದವೇನೋ ಅಂದುಕೊಂಡ. ಪೊಟ್ಟಣ ಬಿಚ್ಚಿ ನೋಡದೆ ಬ್ಯಾಗಿನ ತಳಕ್ಕೆ ಹಾಕಿ ಬಸ್ಸು ಹತ್ತಿದ.

ಅಡುಗೆಮನೆಯಲ್ಲಿ ಸುಮನಾ ಪೇಪರು ಬಿಚ್ಚಿದಳು. ಒಂದೇ ಒಂದು ಮಾತ್ರೆ ಇರಬೇಕಾದಲ್ಲಿ ಪಟ್ಟಿ ತುಂಬ ಮಾತ್ರೆ. ಆ ಪಟ್ಟಿ ಆಕೆಗೆ ಹಳೆಯ ಪರಿಚಯ. ಮದುವೆ, ಗೃಹಪ್ರವೇಶ, ಹಬ್ಬ ಯಾವುದು ಬಂದರೂ ಅತ್ತೆ ತರಿಸಿಕೊಡುತ್ತಿದ್ದದ್ದು ಇದನ್ನೇ.

"ಇದು ಡೇಟ್ ಮುಂದಕ್ಕೆ ಹಾಕೋ ಮಾತ್ರೆ ಕಣ್ರೀ!"

"ಅಂದ್ರೆ?"

"ಅಂದ್ರೆ? ಸೈನ್ಸ್ ಮೇಷ್ಟ್ರು ನೀವು! ಹಬ್ಬದ ದಿನ ಮುಟ್ಟಾಗ್ದೇ ಇರ್ಲಿ ಅಂತ ತಗೊಳ್ಳೋದು. ಮುಟ್ಟು ಬಂದ್ರೆ ಸಾಕು ದೇವರೇ ಅಂತ ನಾನಿದ್ರೆ, ಬರದೇ ಇರೋಕೆ ತಂದಿದೀರಲ್ಲ!"

"ಅವನೇ ಗೊತ್ತು ಅಂದ."

"ನೀವೇನಂತ ಕೇಳಿದ್ರಿ?"

ಮನೋಹರ ಉತ್ತರ ಕೊಡುವ ಮೊದಲೇ ಶಕುಂತಲಮ್ಮ ಕಾಫಿ ಲೋಟ ಇಡಲು ಒಳಗೆ ಬಂದರು. ಸೊಸೆಯ ಕೈಯ ಪಟ್ಟಿ ನೋಡಿ ಅವರಿಗೆ ಸಂತೋಷವಾಯಿತು.

"ತಂದ್ಯಾ ಮಗನೇ? ನಾನೇ ಹೇಳ್ಬೇಕು ಅಂತಿದ್ದೆ, ಸರಿಯಾಗಿ ಗೌರಿ ದಿನಕ್ಕೇ ಬರುತ್ತಲ್ಲ ಇವಳಿಗೆ. ನೋಡೇ ಸುಮನಾ, ಹೇಳದೇನೇ ತಿಳ್ಕೊಂಡು ತಂದಿದಾನೆ. ನಿಮ್ಮ ಮಾವ ಒಂದಿನ ತಂದಿದ್ರಾ ಕೇಳು."

ಮನೋಹರ ಹೊಗಳಿಸಿಕೊಂಡು ಹೊರಗೆ ಹೋದ.

ಹೀಗೆ ಒಂದು ದಿನ ಕಳೆಯಿತು. ಮಂಗಳವಾರ ಬೆಳಿಗ್ಗೆ ಅತ್ತೆ ಹಬ್ಬದ ಪಾತ್ರೆಗಳನ್ನೆಲ್ಲ ಅಟ್ಟದಿಂದ ಇಳಿಸಿದ್ದರು. ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತ ಸುಮನಾಳಿಗೆ ಮನೆ ಬಿಟ್ಟು ಹೊರಡುವಂತಿರಲಿಲ್ಲ. ಹೊರಟರೂ ವಸಂತನ ಅಂಗಡಿಯ ಗಲ್ಲಾದಲ್ಲಿ ಅವನ ತಾಯಿ. ಸ್ತ್ರೀಶಕ್ತಿ ಸಂಘದಲ್ಲಿ ಅವರೂ ಅತ್ತೆಯೂ ಪಕ್ಕಪಕ್ಕ ಕೂರುವವರು. ಗಂಡ ಬೇರೆ ಅಂಗಡಿಯಲ್ಲಿ ಕೇಳುತ್ತೇನೆ ಎಂದು ಹೋಗಿದ್ದ. ಆದರೆ ಅವನು ಹೋದ ರೀತಿ ನೋಡಿದರೆ ಸಂಜೆ ಕೆಮ್ಮಿನ ಔಷಧಿ ತರುವ ಹಾಗಿತ್ತು.

ಮಂಜುಶ್ರೀ ಕಾಲೇಜಿಗೆ ಹೊರಡಲು ನೀರಿನ ಬಾಟಲಿ ತುಂಬಿಸುತ್ತಿದ್ದಳು.

"ಮಂಜು, ಒಂದು ಮಾತ್ರೆ ತರ್ತೀಯಾ?"

"ತಲೆನೋವಾ?"

"ಅಲ್ಲ." ಸುಮನಾ ಹಿತ್ತಲ ಕಡೆ ನೋಡಿದಳು. ಅತ್ತೆ ದೂರದಲ್ಲಿ ಹಿತ್ತಾಳೆ ಕೊಡ ಉಜ್ಜುತ್ತಿದ್ದರು. "ಬಸುರು ನಿಲ್ಲದೇ ಇರೋಕೆ. ತುರ್ತಿಗೆ ತಗೊಳ್ತಾರಲ್ಲ, ಅದು."

ಬಾಟಲಿ ತುಂಬಿ ನೀರು ಮೇಲಿಂದ ಹರಿಯಿತು. ಮಂಜುಶ್ರೀ ನಲ್ಲಿ ನಿಲ್ಲಿಸಿದಳು.

"ಯಾವಾಗ ಅಮ್ಮ?"

"ಭಾನುವಾರ."

"ನಾವು ಆನೆ ನೋಡ್ತಿದ್ದಾಗಾ?"

"ಹ್ಞೂಂ."

"ಮತ್ತೆ ಅಪ್ಪ ಪೇಪರ್ ತಿದ್ತಿದ್ದೆ ಅಂದ್ರು!" ನಗು ಬಂದದ್ದು ಅರ್ಧಕ್ಕೇ ನಿಂತಿತು. ಆಸ್ಪತ್ರೆಯ ಮಂಚದ ಮೇಲೆ ಮುಖ ಊದಿ ಮಲಗಿದ್ದ ತಾಯಿಯನ್ನು ಬಾಗಿಲಲ್ಲಿ ನಿಂತು ನೋಡಿದ್ದು ಅವಳಿಗೆ ಮರೆತಿರಲಿಲ್ಲ. "ಇಷ್ಟು ಹೊತ್ತು ಯಾಕೆ ಸುಮ್ನಿದ್ದೆ? ಅಪ್ಪ ಎಲ್ಲಿ?"

"ಅವರು ತಂದ್ರು. ಬೇರೇದು ತಂದ್ರು."

ಮಂಜುಶ್ರೀ ಮೊದಲ ಕ್ಲಾಸು ಬಿಟ್ಟು ದುರ್ಗಿಗುಡಿಯ ಮೆಡಿಕಲ್ ಸ್ಟೋರಿಗೆ ಹೋದಳು. ಅಂಗಡಿಯಲ್ಲಿ ನಾಲ್ಕಾರು ಜನ ಇದ್ದರು. ಅವಳು ಪೆನ್ನು ಪುಸ್ತಕ ಕೇಳುವ ದನಿಯಲ್ಲೇ ಮಾತ್ರೆಯ ಹೆಸರು ಹೇಳಿ ಕೇಳಿದಳು. ಅಂಗಡಿಯವನು ಕೊಟ್ಟ. ತಿರುಗಿದರೆ ಹಿಂದೆ ಉಜ್ಜನಪ್ಪ ನಿಂತಿದ್ದರು. ಅಜ್ಜಿಯ ತಮ್ಮ, ಭದ್ರಾವತಿಯವರು, ಕೈಯಲ್ಲಿ ಬಿಪಿಯ ಚೀಟಿ. ಅಲ್ಲಿಯ ಹಾರ್ಡ್‌ವೇರ್ ಅಂಗಡಿಯವರ ಮಗ ಲೋಹಿತನ ಸಂಬಂಧವನ್ನು ಮಂಜುಶ್ರೀಗೆ ತಂದವರು ಅವರೇ. ಹುಡುಗಿ ಒಪ್ಪಿದ್ದಾಳೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಕೇಳಿ ಬಡಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲವಲ್ಲ.

"ಏನಮ್ಮ ಮಂಜು, ಹುಷಾರಿಲ್ವಾ?"

"ಚೆನ್ನಾಗಿದೀನಿ ಅಜ್ಜ. ಮನೆಗೆ ಬನ್ನಿ."

"ಬರ್ತೀನಿ, ಬರ್ತೀನಿ," ಎಂದ ಉಜ್ಜನಪ್ಪನವರ ಕಣ್ಣು ಅವಳ ಕೈಯಲ್ಲೇ ಇತ್ತು.

ಮಧ್ಯಾಹ್ನ ಸುಮನಾ ಅನ್ನ ಬಸಿಯುವ ನೆಪದಲ್ಲಿ ಒಳಗೆ ಬಂದು ಮಾತ್ರೆ ನುಂಗಿದಳು. ಮಂಜುಶ್ರೀ ಚೀಟಿ ಬಿಡಿಸಿ ಓದಿ ಹೇಳಿದಳು: "ಎರಡು ಮೂರು ಗಂಟೆ ವಾಂತಿ ಆಗ್ಬಾರ್ದು. ಆದ್ರೆ ಇನ್ನೊಂದು ತಗೋಬೇಕು. ಮುಟ್ಟು ಹಿಂದೆ ಮುಂದೆ ಆಗ್ಬಹುದು. ವಾರಕ್ಕಿಂತ ತಡ ಆದ್ರೆ ಟೆಸ್ಟ್ ಮಾಡ್ಬೇಕು. ನೂರಕ್ಕೆ ನೂರು ಅಂತ ಏನಿಲ್ಲ ಅಮ್ಮ."

"ಅಷ್ಟು ಓದ್ಬೇಡ, ಭಯ ಆಗುತ್ತೆ."

ಸಂಜೆ ಮನೋಹರ ಕೆಮ್ಮಿನ ಔಷಧಿಯೂ ಇಲ್ಲದೆ ಬರಿಗೈಯಲ್ಲಿ ಬಂದ. "ತಗೊಂಡೆ ಬಿಡಿ," ಎಂದಳು ಸುಮನಾ. "ಮಂಜು ತಂದ್ಲು."

ಅವನು ಶೂ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ಆ ದಿನದಿಂದ ಮಗಳ ಎದುರು ಪೇಪರ್ ಓದುವುದನ್ನು ಜಾಸ್ತಿ ಮಾಡಿದ.

ಗೌರಿ ಬಂದಳು. ಸುಮನಾ ಮಡಿ ಸೀರೆ ಉಟ್ಟು ಪೂಜೆಗೆ ಕೂತಳು, ಕರಿಗಡಬು ಕರಿದಳು, ಮೊರದ ಬಾಗಿನ ಕೊಟ್ಟಳು. "ಮಾತ್ರೆ ಸರಿಯಾಗಿ ಕೆಲ್ಸ ಮಾಡ್ತು," ಎಂದು ಶಕುಂತಲಮ್ಮ ಬಂದ ಮುತ್ತೈದೆಯರ ಎದುರೇ ಹೇಳಿದರು. ಸುಮನಾ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದಳು. ಅತ್ತೆ ಹೇಳಿದ ಮಾತ್ರೆಗಳು ಪಟ್ಟಿಗೆ ಪಟ್ಟಿ ಹಾಗೇ ಬೇಳೆ ಡಬ್ಬಿಯ ಹಿಂದಿದ್ದವು. ಒಂದನ್ನೂ ನುಂಗದೆ ಡೇಟು ಮುಂದಕ್ಕೆ ಹೋಗಿತ್ತು.

ಗಣಪತಿಯನ್ನು ಬಿಟ್ಟರು. ಹಬ್ಬದ ಪಾತ್ರೆ ಮತ್ತೆ ಅಟ್ಟಕ್ಕೆ ಏರಿತು. ಸುಮನಾಳಿಗೆ ಮುಟ್ಟು ಇನ್ನೂ ಆಗಿರಲಿಲ್ಲ.

"ಆ ಮಾತ್ರೆ ತಗೊಂಡ್ರೆ ಹೀಗೇ, ಈ ಸಲ ಸ್ವಲ್ಪ ಜಾಸ್ತಿ ಎಳೀತು," ಎಂದರು ಅತ್ತೆ. ದೇವರ ಮನೆಗೆ ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ ಎನ್ನುವುದರ ಮೇಲೆ ಸೊಸೆಯ ತಿಂಗಳು ಮನೆಯವರಿಗೆಲ್ಲ ತಿಳಿಯುತ್ತಿತ್ತು. ಈ ಸಲ ಆಕೆ ದಿನಾ ಬೆಳಿಗ್ಗೆ ದೀಪ ಹಚ್ಚುತ್ತಿದ್ದಳು, ಯಾರಿಗೂ ಅನುಮಾನ ಬರಲಿಲ್ಲ.

ಬೆಳಿಗ್ಗೆ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಬಸುರಿಗೂ ತೊಳಸುತ್ತದೆ, ಭಯಕ್ಕೂ ತೊಳಸುತ್ತದೆ. ಯಾವುದು ಎಂದು ಆಕೆಗೆ ಗೊತ್ತಾಗಲಿಲ್ಲ. ಬಟ್ಟೆ ಒಗೆಯುವಾಗ, ಅಕ್ಕಿ ಆರಿಸುವಾಗ, ಒಂದು ಕೈ ತಾನಾಗಿ ಕಾಲಿನ ಗಂಟು ಒತ್ತಿ ನೋಡುತ್ತಿತ್ತು, ಊದಿದೆಯೇ ಎಂದು.

"ಟೆಸ್ಟ್ ಮಾಡ್ಕೋ ಅಮ್ಮ," ಎಂದಳು ಮಂಜುಶ್ರೀ. "ನಾನೇ ಕಿಟ್ ತರ್ತೀನಿ."

"ಇನ್ನೆರಡು ದಿನ ನೋಡೋಣ."

"ಎರಡು ದಿನ ಎರಡು ದಿನ ಅಂತ ವಾರ ಆಯ್ತು. ಇಲ್ಲ ಅಂತ ಗೊತ್ತಾದ್ರೆ ನಿದ್ದೆ ಬರುತ್ತೆ."

"ಹೌದು ಅಂತ ಗೊತ್ತಾದ್ರೆ?"

"ಆದ್ರೆ ಬೇಗ ಡಾಕ್ಟ್ರ ಹತ್ರ ಹೋಗ್ಬಹುದು. ಬಚ್ಚಿಟ್ರೆ ಅದೇನು ಸಣ್ಣ ಆಗುತ್ತಾ?"

"ನಿಂಗೆ ಬಾಯಿ ಜಾಸ್ತಿ ಆಯ್ತು," ಎಂದಳು ಸುಮನಾ. ಬೈಯಲು ಬೇರೆ ಯಾರೂ ಸಿಕ್ಕಿರಲಿಲ್ಲ.

ಇತ್ತ ಲೋಹಿತನ ಮನೆಯವರು ಫೋನು ಮಾಡುವುದನ್ನು ನಿಲ್ಲಿಸಿದ್ದರು. ಶಕುಂತಲಮ್ಮ ತಮ್ಮನಿಗೆ ಫೋನು ಮಾಡಿದರೆ ಅವರು ಎತ್ತುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಉಜ್ಜನಪ್ಪನವರೇ ಬಂದರು. ಪಿತೃಪಕ್ಷ ನಡೆದಿತ್ತು. ಪಕ್ಷದಲ್ಲಿ ಮದುವೆ ಕೂಡಿಸುವ ಮಾತು ಆಡಬಾರದು. ಮುರಿಯುವ ಮಾತಿಗೆ ಅಡ್ಡಿ ಇಲ್ಲ ಎಂದು ಅವರು ಪಂಚಾಂಗವನ್ನು ಅರ್ಥ ಮಾಡಿಕೊಂಡಿದ್ದರು.

ಅಕ್ಕಿ ರೊಟ್ಟಿ, ಕೋಳಿ ಸಾರು, ಅನ್ನ. ಹೊನ್ನಯ್ಯ, ಮನೋಹರ, ಉಜ್ಜನಪ್ಪ ಕೂತರು. ಮಂಜುಶ್ರೀ ನೀರಿಟ್ಟಳು. ಸುಮನಾ ಒಳಗೆ ರೊಟ್ಟಿ ಬೇಯಿಸುತ್ತಿದ್ದಳು. ಎರಡು ರೊಟ್ಟಿ ಮುಗಿಸಿದ ಮೇಲೆ ಉಜ್ಜನಪ್ಪ ಗಂಟಲು ಸರಿಮಾಡಿಕೊಂಡರು.

"ಅಕ್ಕ, ಹೇಳ್ಬಾರ್ದು ಅಂತಿದ್ದೆ."

ಹೇಳಬಾರದು ಅಂದುಕೊಂಡವರು ಭದ್ರಾವತಿಯಿಂದ ಬಸ್ಸು ಹತ್ತಿ ಬರುವುದಿಲ್ಲ.

"ಏನು ಹೇಳು," ಎಂದರು ಶಕುಂತಲಮ್ಮ.

"ಹಬ್ಬಕ್ಕೆ ಮುಂಚೆ ದುರ್ಗಿಗುಡಿ ಮೆಡಿಕಲ್‌ನಲ್ಲಿ ಮಂಜು ಸಿಕ್ಕಿದ್ಲು. ಆ ಮಾತ್ರೆ ತಗೊಂಡ್ಲು."

"ಯಾವ ಮಾತ್ರೆ?"

"ಅದೇ... ಟೀವೀಲಿ ಬರುತ್ತಲ್ಲ."

"ಗ್ಯಾಸಿಂದಾ?" ಎಂದರು ಹೊನ್ನಯ್ಯ.

"ಅಲ್ಲ ಭಾವ. ಹೆಂಗಸರು... ಆಮೇಲೆ ತಗೊಳ್ತಾರಲ್ಲ."

"ಊಟ ಆದ್ಮೇಲಾ?"

"ಬಸುರಾಗ್ದೇ ಇರೋಕೆ ತಗೊಳ್ಳೋ ಮಾತ್ರೆ ಭಾವ!"

ಬೀದಿಗೆ ಕೇಳಿಸುವಷ್ಟು ಜೋರಾಗಿ ಹೇಳಿಬಿಟ್ಟು ಉಜ್ಜನಪ್ಪ ತಾವೇ ಬೆಚ್ಚಿದರು. ಹೊನ್ನಯ್ಯನ ಕೈ ತಟ್ಟೆಯಲ್ಲೇ ನಿಂತಿತು. ಶಕುಂತಲಮ್ಮ ಮೊಮ್ಮಗಳ ಕಡೆ ತಿರುಗಿದರು.

"ಏನೇ ಇದು?"

ಮಂಜುಶ್ರೀ ಅಪ್ಪನನ್ನು ನೋಡಿದಳು. ಮನೋಹರ ರೊಟ್ಟಿಯ ತುಂಡನ್ನು ಸಾರಿನಲ್ಲಿ ಅದ್ದಿದ, ಮತ್ತೆ ಅದ್ದಿದ. ರೊಟ್ಟಿ ನೆನೆದು ಸಾರಿಗೇ ಬಿತ್ತು. ಅವನು ತಲೆ ಎತ್ತಲಿಲ್ಲ.

"ಹೌದು ಅಜ್ಜಿ," ಎಂದಳು ಮಂಜುಶ್ರೀ. "ತಗೊಂಡೆ."

"ಯಾರಿಗೆ?"

"ಬೇಕಾದವ್ರಿಗೆ."

"ಯಾರು ಆ ಬೇಕಾದವ್ರು? ಫ್ರೆಂಡಾ? ಹೆಸರು ಹೇಳು."

"ಹೇಳಲ್ಲ."

"ಅಯ್ಯೋ ಮಾರಾಯ್ತಿ, ಹೇಳಲ್ಲ ಅಂದ್ರೆ ನಾವು ಏನು ತಿಳ್ಕೋಬೇಕೇ? ಮನೋಹರ, ನಿನ್ನ ಮಗಳು ಕಣೋ. ಕೇಳೋ!"

ಮನೋಹರ ನೀರು ಕುಡಿದ.

"ಲೋಹಿತನ ಮನೆಯವ್ರಿಗೆ ಹೇಳಿದ್ಯಾ?" ಶಕುಂತಲಮ್ಮ ತಮ್ಮನನ್ನು ಕೇಳಿದರು.

"ನಾನೇನೂ ಹೇಳಿಲ್ಲ ಅಕ್ಕ. ಅವ್ರೇ ಕೇಳಿದ್ರು, ಹುಡುಗಿ ಹೇಗೆ ಅಂತ. ನಾನು ಸುಮ್ನಿದ್ದೆ."

"ಸುಮ್ನಿದ್ಯಾ! ಅದಕ್ಕಿಂತ ಹೇಳಿದ್ರೇ ವಾಸಿ ಇತ್ತು!" ಶಕುಂತಲಮ್ಮನ ದನಿ ಒಡೆಯಿತು. "ನಾಳೆಯಿಂದ ಕಾಲೇಜು ಸಾಕು. ಮನೇಲಿ ಬಿದ್ದಿರ್ಲಿ. ಯಾರನ್ನ ನಂಬಿ ಕಳಿಸೋದು!"

"ಅಜ್ಜಿ, ಪರೀಕ್ಷೆ..."

"ಬಾಯ್ಮುಚ್ಚು!"

ಮಂಜುಶ್ರೀ ಇನ್ನೊಮ್ಮೆ ಅಪ್ಪನ ಕಡೆ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಬಾಯಿ ಬಿಡಲಿಲ್ಲ.

ಅಡುಗೆಮನೆಯ ಬಾಗಿಲಿಗೆ ಸುಮನಾ ಬಂದು ನಿಂತಳು. ಕೈಯಲ್ಲಿ ಮಗುಚುವ ಕೈ, ಹಿಂದೆ ಬಾಣಲಿಯಲ್ಲಿ ರೊಟ್ಟಿ ಕರಕಾಗುವ ವಾಸನೆ.

"ನನಗೆ ಅತ್ತೆ," ಎಂದಳು. "ಮಾತ್ರೆ ನನಗೆ. ಮಂಜು ಹತ್ರ ತರಿಸಿದ್ದು ನಾನು."

ಉಜ್ಜನಪ್ಪ ಕೋಳಿಯ ಮೂಳೆಯನ್ನು ಶಬ್ದವಾಗದ ಹಾಗೆ ತಟ್ಟೆಯ ಅಂಚಿಗೆ ಇಟ್ಟರು.

"ನಿಂಗೆ?" ಎಂದರು ಶಕುಂತಲಮ್ಮ.

"ಹ್ಞೂಂ. ನೀವೆಲ್ಲ ಸಕ್ರೆಬೈಲಿಗೆ ಹೋಗಿದ್ರಲ್ಲ, ಆವತ್ತು. ಇವರು ಭದ್ರಾವತಿಯಿಂದ ತಂದ್ರು, ಆದ್ರೆ ಅದು ಹಬ್ಬದ ಮಾತ್ರೆ. ಅದನ್ನೇ ನೀವು ನೋಡಿದ್ದು. ನಾನದನ್ನ ತಗೊಳ್ಳೇ ಇಲ್ಲ."

"ಮತ್ತೆ ಪೂಜೆಗೆ ಕೂತ್ಯಲ್ಲ?"

"ಮುಟ್ಟೇ ಬಂದಿಲ್ಲ ಅತ್ತೆ. ಇವತ್ತಿನವರೆಗೂ ಬಂದಿಲ್ಲ."

ಶಕುಂತಲಮ್ಮ ಎದ್ದರು. ಅವರು ಸೊಸೆಗೆ ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಹೋಗಿ ಮೊದಲು ಗ್ಯಾಸು ಆರಿಸಿದರು. ತಿರುಗಿ ಬಂದು ಮಗನ ಮುಂದೆ ನಿಂತರು.

"ಆವತ್ತು ಆಸ್ಪತ್ರೇಲಿ ಡಾಕ್ಟ್ರು ಹೇಳಿದ್ದು ನಿಂಗೆ ಕೇಳಿಸಿರ್ಲಿಲ್ವೇನೋ? ಆ ಕೂಸನ್ನ ಬಟ್ಟೇಲಿ ಸುತ್ತಿ ನಾನು ಎತ್ಕೊಂಡು ಬಂದೆ. ನೀನು ಆಗ್ಲೂ ಕಂಬ ಹಿಡ್ಕೊಂಡು ನಿಂತಿದ್ದೆ."

"ಅಮ್ಮ..."

"ಏನು ಅಮ್ಮ? ಈಗ ಮಗಳ ಮೇಲೆ ಬಂತು. ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಸಾರಲ್ಲಿ ರೊಟ್ಟಿ ಅದ್ತಾ ಕೂತಿದ್ಯಲ್ಲೋ!"

ಹೊನ್ನಯ್ಯ, "ಹೋಗ್ಲಿ ಬಿಡೇ, ನೆಂಟರ ಮುಂದೆ..." ಎಂದರು.

"ನೀವು ಸುಮ್ನಿರಿ. ಕಲ್ಸಿದ್ದು ನೀವೇ." ಶಕುಂತಲಮ್ಮ ಒಂದು ಗಳಿಗೆ ತಡೆದರು. "ಬಡ್ಸಿದ್ದು ನಾನು."

ಆಮೇಲೆ ಮೊಮ್ಮಗಳ ಕಡೆ ನೋಡದೆಯೇ ಕೇಳಿದರು: "ಈಗ ಮನೇಲೇ ನೋಡೋ ಹಂಗೆ ಏನೋ ಇದೆಯಂತಲ್ಲ, ಹೌದಾ ಅಲ್ವಾ ಅಂತ?"

"ಇದೆ. ಕಿಟ್ ಸಿಗುತ್ತೆ," ಎಂದಳು ಮಂಜುಶ್ರೀ. "ಆದ್ರೆ ನಾನು ಹೋಗಲ್ಲ ಅಜ್ಜಿ. ಒಂದ್ಸಲ ಹೋಗಿ ಸಾಕಾಯ್ತು."

"ನಿನ್ನನ್ನ ಯಾರು ಕಳಿಸ್ತಾರೆ?" ಶಕುಂತಲಮ್ಮ ಮಗನ ತಟ್ಟೆಯನ್ನು ಎಳೆದುಕೊಂಡರು. "ಏಳು. ಕೈ ತೊಳ್ಕೊ. ಭದ್ರಾವತಿಗಲ್ಲ, ವಸಂತನ ಅಂಗಡಿಗೆ ಹೋಗು. ಸರಿಯಾಗಿ ಹೆಸರು ಹೇಳಿ ತಗೊಂಡು ಬಾ."

ಉಜ್ಜನಪ್ಪ ಮೆಲ್ಲಗೆ ಏಳಲು ನೋಡಿದರು. "ನಾನು ಬರ್ತೀನಿ ಅಕ್ಕ, ಬಸ್ಸು..."

"ಕೂತ್ಕೋ. ಹೇಳೋಕೆ ಬಂದಿದ್ಯಲ್ಲ, ಪೂರ್ತಿ ಕೇಳ್ಕೊಂಡು ಹೋಗು."

ಭಾನುವಾರ ಮಧ್ಯಾಹ್ನವಾದರೂ ವಸಂತನ ಅಂಗಡಿ ತೆರೆದಿತ್ತು. ಗಲ್ಲಾದಲ್ಲಿ ತಾಯಿ ಕೂತಿದ್ದರು. ಪಕ್ಕದ ಬೀದಿಯ ಭೈರಪ್ಪ ಮೊಣಕಾಲಿಗೆ ಮುಲಾಮು ಕೇಳುತ್ತಿದ್ದರು. ಮನೋಹರ ಟೂತ್‌ಪೇಸ್ಟುಗಳ ಮುಂದೆ ನಿಂತ. ಅಭ್ಯಾಸ.

"ಸಾರ್, ನಮಸ್ಕಾರ. ಏನು ಬೇಕಿತ್ತು?" ಎಂದ ವಸಂತ.

ಮನೋಹರ ಗಾಜನ್ನು ನೋಡಿದ. ವಸಂತ ಸಭ್ಯ ಹುಡುಗ, ಮೇಷ್ಟ್ರು ತಾವಾಗಿ ಹೇಳಲಿ ಎಂದು ಕೈಕಟ್ಟಿ ಕಾದ. ಭೈರಪ್ಪ ಮುಲಾಮಿನ ಮುಚ್ಚಳ ತೆಗೆದು ಮೂಸಿ ನೋಡುತ್ತ ಹೋಗದೆ ನಿಂತರು. ಎಂದೂ ಕಲಿಸದ ಪಾಠದಲ್ಲಿ ಹಿಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದ ಹಾಗಿತ್ತು.

"ಪ್ರೆಗ್ನೆನ್ಸಿ ಟೆಸ್ಟ್ ಕಿಟ್ ಕೊಡು," ಎಂದ ಮನೋಹರ. ದನಿ ತನಗೇ ಅಪರಿಚಿತವಾಗಿ ಕೇಳಿಸಿತು.

ಗಲ್ಲಾದ ತಾಯಿ ತಲೆ ಎತ್ತಿದರು. ವಸಂತ ದನಿ ತಗ್ಗಿಸಿದ. "ಯಾರಿಗೆ ಸಾರ್?"

"ನನ್ನ ಹೆಂಡ್ತಿಗೆ."

ವಸಂತ ಪೆಟ್ಟಿಗೆ ತೆಗೆದು ಹಳೆಯ ಪೇಪರಿನಲ್ಲಿ ಸುತ್ತತೊಡಗಿದ.

"ಸುತ್ತಬೇಡ ಬಿಡು," ಎಂದ ಮನೋಹರ. ಅದು ಧೈರ್ಯವೇನಲ್ಲ. ಪೇಪರಿನಲ್ಲಿ ಸುತ್ತಿಕೊಟ್ಟದ್ದರ ಬಗ್ಗೆ ಅವನಿಗೆ ನಂಬಿಕೆ ಹೋಗಿತ್ತು. ಪೆಟ್ಟಿಗೆಯ ಮೇಲೆ ಬರೆದದ್ದನ್ನು ಅಲ್ಲೇ ನಿಂತು ಎರಡು ಸಲ ಓದಿ, ಕೈಯಲ್ಲಿ ಹಿಡಿದುಕೊಂಡೇ ಬೀದಿ ದಾಟಿದ.

ಮನೆಯಲ್ಲಿ ಯಾರೂ ಕೂತಲ್ಲಿಂದ ಎದ್ದಿರಲಿಲ್ಲ. ಸುಮನಾ ಪೆಟ್ಟಿಗೆ ತೆಗೆದುಕೊಂಡು ಬಚ್ಚಲಿಗೆ ಹೋದಳು, ಮಂಜುಶ್ರೀ ಬಾಗಿಲ ಹೊರಗೆ ನಿಂತಳು. ಉಜ್ಜನಪ್ಪ ಗೋಡೆಯ ಕ್ಯಾಲೆಂಡರಿನ ಪಕ್ಷದ ತಿಥಿಗಳನ್ನು ಒಂದೊಂದಾಗಿ ಓದಿದರು. ಹೊನ್ನಯ್ಯನ ಬೆರಳು ತಟ್ಟೆಯ ಅಂಚಿಗೆ ಹೋಯಿತು, ಹೆಂಡತಿಯ ಮುಖ ನೋಡಿ ಹಿಂದೆ ಬಂತು.

ಬಚ್ಚಲಿನ ಬಾಗಿಲು ತೆರೆಯಿತು. "ಒಂದೇ ಗೆರೆ," ಎಂದಳು ಮಂಜುಶ್ರೀ. "ಇಲ್ಲ. ಬಸುರಿಲ್ಲ."

ಒಳಗೆ ನಲ್ಲಿ ಜೋರಾಗಿ ಹರಿಯಿತು. ಸುಮನಾ ಅಳುವುದು ಕೇಳಿಸಬಾರದೆಂದು ನಲ್ಲಿ ಬಿಟ್ಟಿದ್ದಳು. ಆದರೂ ಕೇಳಿಸಿತು.

"ವಾರ ಬಿಟ್ಟು ಇನ್ನೊಂದ್ಸಲ ನೋಡ್ಬೇಕು," ಎಂದು ಮಂಜುಶ್ರೀ ಮುಂದುವರಿಸಿದಳು. "ಯಾಕೆ ಬಂದಿಲ್ಲ ಅಂತ ಡಾಕ್ಟ್ರಿಗೂ ತೋರಿಸ್ಬೇಕು."

"ನಾಳೆನೇ ಹೋಗ್ಲಿ, ಇಬ್ರೂ," ಎಂದರು ಶಕುಂತಲಮ್ಮ. "ಗಂಡಸರಿಗೂ ಆಪರೇಷನ್ ಇದೆಯಂತಲ್ಲ, ಅದನ್ನೂ ವಿಚಾರಿಸ್ಕೊಂಡು ಬರ್ಲಿ." ಹೊನ್ನಯ್ಯ ಕೈ ತೊಳೆಯಲು ಎದ್ದುಹೋದರು. "ಉಜ್ಜನಪ್ಪ, ನೀನು ಆ ಲೋಹಿತನ ಮನೆಗೆ ಹೋಗಿ ಹೇಳು, ಮಾತ್ರೆ ನಮ್ಮ ಸೊಸೆಗೆ ತಂದಿದ್ದು ಅಂತ. ನಿನ್ನ ಬಾಯಿಗೆ ಬರಲ್ಲ ಅಂದ್ರೆ ನಮ್ಮ ಮೇಷ್ಟ್ರನ್ನ ಕರ್ಕೊಂಡು ಹೋಗು. ಈಗಷ್ಟೇ ಕಲ್ತಿದಾನೆ."

"ಆ ಸಂಬಂಧಕ್ಕೆ ನಾನು ಹ್ಞೂಂ ಅಂದಿಲ್ಲ ಅಜ್ಜಿ," ಎಂದಳು ಮಂಜುಶ್ರೀ.

"ಬೇಡ ಅಂದಿದ್ಯಾ?"

"ಯಾರು ಕೇಳಿದ್ರು?"

ಉಜ್ಜನಪ್ಪ ಚಪ್ಪಲಿ ಹುಡುಕಿಕೊಂಡು ಹೊರಟರು. ಸುಮನಾ ಮುಖ ತೊಳೆದುಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಮನೆಯಲ್ಲಿ ಊಟದ ಹೊತ್ತಿನಲ್ಲಿ ಆಕೆ ಮಲಗಿದ್ದು ಅದೇ ಮೊದಲು.

ಮನೋಹರನ ಊಟ ಅರ್ಧಕ್ಕೇ ನಿಂತಿತ್ತು. ತಾಯಿ ಎಳೆದುಕೊಂಡಿದ್ದ ತಟ್ಟೆಯನ್ನು ಮತ್ತೆ ಮುಂದಿಟ್ಟುಕೊಂಡ. ಪಾತ್ರೆಯಿಂದ ತಾನೇ ಅನ್ನ ಹಾಕಿಕೊಂಡ. ನಡುವೆ ಗುಂಡಿ ಮಾಡಿ, ಅದನ್ನೇ ನೋಡುತ್ತ ಕೂತ.

ಸಾರಿನ ಪಾತ್ರೆ ಮಂಜುಶ್ರೀಯ ಪಕ್ಕದಲ್ಲಿತ್ತು. ಅವಳು ಸೌಟು ಕೈಗೆ ತೆಗೆದುಕೊಂಡಳು, ಆದರೆ ಬಡಿಸಲಿಲ್ಲ.

"ಏನು ಬೇಕು ಅಪ್ಪ?"

ಮನೋಹರ ತಲೆ ಎತ್ತಿದ. ಮಗಳು ನೇರವಾಗಿ ನೋಡುತ್ತಿದ್ದಳು, ಅತ್ತ ಕಣ್ಣು ಇನ್ನೂ ಕೆಂಪಗಿತ್ತು. ಸಾರು ಎಂದು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.